ಯಂತ್ರದಲ್ಲಿಯೂ ಔಚಿತ್ಯ

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಹಲವು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಒಡವೆ ತಕ್ಕೆಡೆಯಲ್ಲಿದ್ದರೆ ಮಾತ್ರ ಒಡವೆ ಎಂಬುದು ಅದರ ತಿರುಳು. ಆ ಮಾತಿನ ಬೆಲೆ ನನಗೆ ನಿಜವಾಗಿ ತಿಳಿದದ್ದು ಈಚೆಗೆ, ಅದೂ ಒಂದು ಗಣಕಯಂತ್ರದಿಂದ.

ನನ್ನ ಅಕ್ಕನ ಮಗನಿಗೆ ಆಟಗಳಿಗೆ ತಕ್ಕ ಯಂತ್ರವೊಂದನ್ನು ತಾನೇ ಜೋಡಿಸಬೇಕೆಂಬ ಹಂಬಲ. ಎರಡು ವರ್ಷ ಮನೆಪಾಠ ಹೇಳಿ ಕೂಡಿಸಿದ ಹಣದೊಡನೆ ಅವನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಟಾಗ ನಾನೂ ಜೊತೆಗೆ ಹೋದೆ. ಮೆಮೊರಿ ಪಟ್ಟಿಯೊಂದರ ಬೆಲೆ ಇಳಿದಿತ್ತು. "ತೆಗೆದುಕೊ, ಒಳ್ಳೆಯ ಹೆಸರಿನದು" ಎಂದವನು ನಾನೇ. ಮನೆಯಲ್ಲಿ ಬಿಚ್ಚಿ ನೋಡಿದರೆ ಅದು ಡಿಡಿಆರ್ ೪. ಅವನು ಕೊಂಡ ಮದರ್‌ಬೋರ್ಡ್ ಬೇಡುವುದು ಡಿಡಿಆರ್ ೫. ಎರಡಕ್ಕೂ ಪಿನ್ನುಗಳು ೨೮೮. ಅಂಚಿನ ಕಚ್ಚಿನ ಸ್ಥಾನ ಮಾತ್ರ ಬೇರೆ. ಬಿಚ್ಚಿದ ಸರಕನ್ನು ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಹುಡುಗ ಏನೂ ಅನ್ನಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಬಿಡಿಬಿಡಿಯಾಗಿ ಉತ್ತಮವಾದುವೆಲ್ಲ ಕೂಡಿದರೆ ಉತ್ತಮವಾದೊಂದು ಆಗುತ್ತದೆಂಬುದು ನಮ್ಮ ಕಾಲದ ಭ್ರಮೆ. ಎಎಂಡಿ ಸಂಸ್ಥೆಯ ಪ್ರೊಸೆಸರುಗಳಿಗೆ ೨೦೧೬ರಲ್ಲಿ ಬಂದ ಎಎಂ ೪ ಪೀಠವೇ ಬೇರೆ, ೨೦೨೨ರಲ್ಲಿ ಬಂದ ಎಎಂ ೫ ಪೀಠವೇ ಬೇರೆ. ಎರಡನೆಯದು ಡಿಡಿಆರ್ ೫ನ್ನಲ್ಲದೆ ಒಪ್ಪದು. ಪೀಠ ಹೊಂದಿದರೂ ಸಾಲದು. ೨೦೧೮ರ ಎಷ್ಟೋ ಬೋರ್ಡುಗಳಲ್ಲಿ ೨೦೨೦ರ ರೈಜನ್ ೫೦೦೦ ಸಾಲಿನ ಪ್ರೊಸೆಸರು ಸೊಗಸಾಗಿ ಕುಳಿತುಕೊಳ್ಳುತ್ತದೆ. ಆದರೆ ಬೋರ್ಡಿನ ಬಯೋಸ್ ತಂತ್ರಾಂಶವನ್ನು ಹೊಸದಾಗಿಸದೆ ಯಂತ್ರ ಕಣ್ಣು ತೆರೆಯದು. ಆಸನ ಸಿಕ್ಕಿತು, ಭಾಷೆ ತಿಳಿಯಲಿಲ್ಲ!

ಗ್ರಾಫಿಕ್ಸ್ ಕಾರ್ಡಿನದು ಇನ್ನೊಂದು ಕಥೆ. ಎನ್ವಿಡಿಯಾದ ಆರ್‌ಟಿಎಕ್ಸ್ ೪೦೭೦ ಕಾರ್ಡಿಗೆ ೨೦೦ ವ್ಯಾಟ್ ಬೇಕು. ಇಡೀ ಯಂತ್ರಕ್ಕೆ ೬೫೦ ವ್ಯಾಟಿನ ಪವರ್ ಸಪ್ಲೈ ಇರಲೆಂದು ತಯಾರಕರೇ ಹೇಳುತ್ತಾರೆ. ಕಾರ್ಡಿಗೆ ಹಣವನ್ನೆಲ್ಲ ಸುರಿದು, ಕಣ್ಣಿಗೆ ಬೀಳದ ಪವರ್ ಸಪ್ಲೈಯಲ್ಲಿ ಜಿಪುಣತನ ತೋರುವವರೇ ಹೆಚ್ಚು. ಅನ್ನವಿಡುವವನನ್ನು ಹಸಿವಿನಲ್ಲಿಟ್ಟು ಅತಿಥಿಯನ್ನು ಕರೆದಂತೆ ಇದು. ಪರದೆ ಸೆಕೆಂಡಿಗೆ ೬೦ ಸಲ ಮಾತ್ರ ಚಿತ್ರ ಬದಲಿಸುವಂಥದಾದರೆ, ಕಾರ್ಡು ೨೦೦ ಚಿತ್ರ ರಚಿಸಿದರೂ ನೋಡುವವನಿಗೆ ಅಷ್ಟೂ ದಕ್ಕುವುದಿಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಮೊದಲು ಕೇಳಬೇಕಾದುದು "ಯಾವುದು ಶ್ರೇಷ್ಠ?" ಎಂದಲ್ಲ, "ಯಾವುದಕ್ಕಾಗಿ?" ಎಂದು. ಯಾವ ಆಟ, ಯಾವ ಪರದೆ ಎಂಬುದು ನಿಶ್ಚಯವಾದ ಮೇಲೆ ಕಾರ್ಡು, ಪ್ರೊಸೆಸರು, ಅದಕ್ಕೊಪ್ಪುವ ಬೋರ್ಡು, ಬೋರ್ಡು ಒಪ್ಪುವ ಮೆಮೊರಿ, ಎಲ್ಲವನ್ನೂ ಹೊರಬಲ್ಲ ಪವರ್ ಸಪ್ಲೈ, ಎಲ್ಲಕ್ಕೂ ಎಡೆಯಿರುವ ಪೆಟ್ಟಿಗೆ. ಇಷ್ಟನ್ನು ಕಾಗದದ ಮೇಲೆ ಬರೆದು ತಾಳೆನೋಡಿದ ಮೇಲೆಯೇ ಅಂಗಡಿಯ ಮೆಟ್ಟಿಲು ಹತ್ತಬೇಕು.

ಇಷ್ಟೆಲ್ಲ ತೊಡಕೇಕೆ, ಸಿದ್ಧಯಂತ್ರವನ್ನೇ ಕೊಳ್ಳಬಾರದೆ ಎನ್ನುವವರುಂಟು. ಬಿಡುವಿಲ್ಲದವರಿಗೆ ಅದು ಸರಿಯೆ. ಆದರೆ ಆಟದ ಹುಚ್ಚೆಂದು ಹಿರಿಯರು ಹಳಿಯುವ ಈ ಕೆಲಸದಲ್ಲಿ ತರುಣರು ಬಿಡಿಯನ್ನು ಇಡಿಯೊಡನೆ ತೂಗಿನೋಡುವ ವಿವೇಕವನ್ನು ಕಲಿಯುತ್ತಾರೆ. ಪರೀಕ್ಷೆಗಾಗಿ ಔಚಿತ್ಯವನ್ನು ಕಂಠಪಾಠ ಮಾಡುವವರಲ್ಲಿ ನಾನು ಅದನ್ನು ಅಷ್ಟಾಗಿ ಕಂಡಿಲ್ಲ.

ಹುಡುಗನ ಯಂತ್ರ ತಿಂಗಳು ತಡವಾಗಿ ಎದ್ದಿತು. ಹೊಸ ಮೆಮೊರಿಯ ಬೆಲೆಯನ್ನು ನಾನು ತೆತ್ತೆ. ಹಳೆಯದು ನನ್ನ ಮೇಜಿನ ಮೇಲಿದೆ; ಔಚಿತ್ಯದ ಪಾಠವಿರುವ ದಿನ ಅದನ್ನು ತರಗತಿಗೆ ಒಯ್ಯುತ್ತೇನೆ.