ಎದೆಬಡಿತದ ಚಿಕಿತ್ಸೆ: ಹಿರಿಯರನ್ನು ಕೇಳಿದ್ದೇವೆಯೇ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಈಗ ಎಪ್ಪತ್ತೈದು ದಾಟಿದ ಹಿರಿಯರು ಅನೇಕರಿದ್ದಾರೆ. ಎದೆ ಒಮ್ಮೆಲೇ ಡವಡವ ಎನ್ನುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಅವರು ಹೇಳಿದಾಗ ವಯಸ್ಸಿನ ದೋಷವೆಂದು ನಾವು ಸುಮ್ಮನಾಗುತ್ತೇವೆ. ಇಸಿಜಿಯಲ್ಲಿ ಏಟ್ರಿಯಲ್ ಫೈಬ್ರಿಲೇಶನ್ ಕಂಡು ವೈದ್ಯರು ಕ್ಯಾತಿಟರ್ ಅಬ್ಲೇಶನ್‌ನ ಹೆಸರೆತ್ತಿದೊಡನೆ ಮನೆ ಎರಡು ಪಕ್ಷವಾಗುತ್ತದೆ. "ಈ ವಯಸ್ಸಿನಲ್ಲಿ ಅದೆಲ್ಲ ಏಕೆ?" ಎಂಬುದು ಒಂದು, "ಮಾಡಿಸಿಬಿಟ್ಟರೆ ಚಿಂತೆ ತೀರಿತು" ಎಂಬುದು ಇನ್ನೊಂದು. ಎರಡೂ ಅವಸರದ ತೀರ್ಮಾನಗಳೆಂಬುದು ನನ್ನ ಅಭಿಪ್ರಾಯ.

ಈ ರೋಗದಲ್ಲಿ ಹೃದಯದ ಮೇಲಿನ ಕೋಣೆಗಳು ಕ್ರಮವಾಗಿ ಮಿಡಿಯದೆ ಕಂಪಿಸುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಸಾಗಿದರೆ ಪಾರ್ಶ್ವವಾಯು ಬಡಿಯಬಹುದು. 1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ಮಿಶೆಲ್ ಹೈಸಾಗೆರ್ ಮತ್ತು ಸಂಗಡಿಗರು 45 ರೋಗಿಗಳನ್ನು ಪರೀಕ್ಷಿಸಿ, ಈ ಕಂಪನಕ್ಕೆ ಕಿಡಿ ಹಚ್ಚುವ ತಾಣಗಳಲ್ಲಿ ಶೇ. 94ರಷ್ಟು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳಲ್ಲಿವೆ ಎಂದು ತೋರಿಸಿದರು. ತೊಡೆಸಂದಿನ ನಾಳದ ಮೂಲಕ ತೆಳ್ಳನೆಯ ನಳಿಕೆ ತೂರಿಸಿ, ಆ ನಾಳಗಳ ಬಾಯಿಯ ಸುತ್ತ ಶಾಖದಿಂದಲೋ ಶೀತದಿಂದಲೋ ಗಾಯದ ಬೇಲಿ ಕಟ್ಟುವ ಚಿಕಿತ್ಸೆ ಅಲ್ಲಿಂದ ಬೆಳೆಯಿತು. ಎದೆ ತೆರೆಯಬೇಕಾಗಿಲ್ಲ.

ಆದರೆ ಇದು ಪವಾಡವೂ ಅಲ್ಲ. 2019ರಲ್ಲಿ ಪ್ರಕಟವಾದ ಕಬಾನಾ ಅಧ್ಯಯನದಲ್ಲಿ 2,204 ರೋಗಿಗಳಿದ್ದರು. ಸಾವು, ಪಾರ್ಶ್ವವಾಯು ಮೊದಲಾದವುಗಳ ಒಟ್ಟು ಎಣಿಕೆಯಲ್ಲಿ ಅಬ್ಲೇಶನ್ ಔಷಧಿಗಿಂತ ಮೇಲೆಂದು ಸಿದ್ಧವಾಗಲಿಲ್ಲ. ಬದುಕಿನ ಗುಣಮಟ್ಟ ಮಾತ್ರ ಹೆಚ್ಚು ಸುಧಾರಿಸಿತು. ಹೃದಯವೇ ದುರ್ಬಲವಾದವರ ಲೆಕ್ಕ ಬೇರೆ. ಅದನ್ನು ವೈದ್ಯರೇ ಹೇಳಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಚಿಕಿತ್ಸೆಯ ಅನಂತರವೂ ಹೆಚ್ಚಿನ ಹಿರಿಯರಿಗೆ ಬೇಕು. ಹೃದಯದ ಸುತ್ತ ರಕ್ತ ಸೇರುವ ಅಪಾಯ ಅಪರೂಪವಾದರೂ ಇದೆ, ಕಂಪನ ಮರುಕಳಿಸಲೂಬಹುದು.

ಲಾಭವು ಮುಖ್ಯವಾಗಿ ದಿನನಿತ್ಯದ ನೆಮ್ಮದಿಯಲ್ಲಿದೆಯೆಂದಾದರೆ, ಅದನ್ನು ತೂಗಬೇಕಾದವರು ಏದುಸಿರು ಪಡುವವರೇ ಅಲ್ಲವೇ? ನಮ್ಮಲ್ಲಿ ಎಷ್ಟೋ ಬಾರಿ ಆಸ್ಪತ್ರೆಯ ಮಾತುಕತೆ ಮರಾಠಿ, ಹಿಂದಿ, ಇಂಗ್ಲಿಷಿನಲ್ಲೇ ಮುಗಿಯುತ್ತದೆ. ಒಪ್ಪಿಗೆ ಪತ್ರಕ್ಕೆ ತಂದೆಯ ಸಹಿ ಬೀಳುತ್ತದೆ. ಅದರ ಅರ್ಥ ಮಗನಲ್ಲೇ ಉಳಿಯುತ್ತದೆ.

ಆಸ್ಪತ್ರೆಗೆ ಹೊರಡುವ ಮುನ್ನ ಮನೆಯಲ್ಲೇ ಕುಳಿತು ಅವರನ್ನು ಕನ್ನಡದಲ್ಲಿ ಕೇಳೋಣ: ಈ ತೊಂದರೆಯಿಂದ ಏನನ್ನು ಬಿಟ್ಟಿದ್ದೀರಿ? ಮಾತ್ರೆಯಿಂದಲೇ ನಿಭಾಯಿಸಬಲ್ಲಿರಾ? ಒಮ್ಮೆ ಮಾಡಿದ್ದು ಸಾಲದೆ ಹೋದರೆ ಮತ್ತೊಮ್ಮೆ ಒಪ್ಪುವಿರಾ? ಉತ್ತರಗಳನ್ನು ಬರೆದುಕೊಂಡು ವೈದ್ಯರ ಮುಂದಿಡೋಣ. ನಮ್ಮ ಕನ್ನಡ ಸಂಘಗಳು ಆರೋಗ್ಯ ಶಿಬಿರ ನಡೆಸುವಾಗ ರಕ್ತದೊತ್ತಡ ನೋಡುವುದರ ಜೊತೆಗೆ ಹಿರಿಯರ ನಾಡಿಯನ್ನೂ ಹಿಡಿದು ನೋಡಲಿ. ಕನ್ನಡ ಬಲ್ಲ ವೈದ್ಯರಿಂದ ಇಂತಹ ಮಾತುಗಳನ್ನು ಆಡಿಸಲಿ. ಎಂಬತ್ತರ ವಯಸ್ಸು ಚಿಕಿತ್ಸೆಯನ್ನು ನಿರಾಕರಿಸಲು ತಾನೇ ಕಾರಣವಲ್ಲ. ಹಿರಿಯರ ಮಾತನ್ನು ಕೇಳದಿರಲು ಅದು ಎಂದಿಗೂ ಕಾರಣವಾಗಲಾರದು.