ಮಗು ಯಾರಪ್ಪನ ಮನೆ ಗಂಟು?



ಗಂಡ ಹೆಂಡತಿ ಬೇರೆಯಾದರೆ ಮಗು ಯಾರ ಪಾಲಿಗೆ? ಈ ಪ್ರಶ್ನೆಯೇ ಹೊಲಸು. ಪಾಲು ಅನ್ನೋದು ಹೊಲಕ್ಕೆ, ದನಕ್ಕೆ, ಪಾತ್ರೆ ಪಡಗಕ್ಕೆ. ತಲೆಮಾರುಗಟ್ಟಲೆ ಜೀತದ ಲೆಕ್ಕದಲ್ಲಿ ಎಣಿಸಿಕೊಂಡ ನಮಗೆ, ಮನುಷ್ಯನನ್ನು ಆಸ್ತಿ ಮಾಡೋದು ಅಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳು ತಂದೆತಾಯಿಯ ಸ್ವತ್ತಲ್ಲ, ಆಟದ ಸಾಮಾನೂ ಅಲ್ಲ ಎಂದು ಸುಪ್ರೀಂ ಕೋರ್ಟು ರೋಸಿ ಜೇಕಬ್ ಪ್ರಕರಣದಲ್ಲಿ 1973ರಲ್ಲೇ ಹೇಳಿದೆ. ಆದರೆ ಕಾನೂನಿನ ಪುಸ್ತಕ ಏನನ್ನುತ್ತೆ?

ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ ತಂದಾಗ ಸನಾತನಿಗಳು ಬೊಬ್ಬೆ ಹೊಡೆದರು. 1951ರಲ್ಲಿ ಬಾಬಾಸಾಹೇಬರು ಮಂತ್ರಿಗಿರಿಯನ್ನೇ ಬಿಟ್ಟು ಹೊರಬಂದರು. ಆಮೇಲೆ ಆ ಬಿಲ್ಲನ್ನು ತುಂಡು ತುಂಡು ಮಾಡಿ ಪಾಸು ಮಾಡಿದರು. ಅದರಲ್ಲೊಂದು ತುಂಡು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ. ಅದರ 6ನೇ ಕಲಮು ಓದಿ: ಮಗುವಿನ ಸಹಜ ಪೋಷಕ ತಂದೆ, 'ಅವನ ನಂತರ' ತಾಯಿ. ಐದು ವರ್ಷದೊಳಗಿನ ಮಗು ಮಾತ್ರ ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕಂತೆ. ಅಂದರೆ ಹೇಲುಚ್ಚೆ ಬಾಚೋಕೆ ಅವ್ವ, ಯಜಮಾನಿಕೆಗೆ ಅಪ್ಪ!

1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 'ನಂತರ' ಅಂದರೆ ಅಪ್ಪ ಸತ್ತ ಮೇಲೆ ಅಂತಲ್ಲ, ಮಗುವಿನ ಹೊಣೆಯನ್ನು ಅವನು ಹೊರದೆ ಇದ್ದಾಗಲೂ ತಾಯಿಯೇ ಪೋಷಕಿ ಅಂತ ಅರ್ಥ ಬಿಡಿಸಿತು. ಒಳ್ಳೇದು. ಆದರೂ ಅವ್ವ ಬದಲಿ ಆಳಾಗಿಯೇ ಉಳಿದಳು. ಇಬ್ಬರನ್ನೂ ಸಮಾನ ಪೋಷಕರನ್ನಾಗಿ ಮಾಡಿ ಎಂದು ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಹೇಳಿತು. ಆ ವರದಿಗೆ ಧೂಳು ಹಿಡಿದಿದೆ.

ಕೋರ್ಟುಗಳ ದೊಡ್ಡ ಮಾತು ಒಂದಿದೆ: 'ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ.' ನಾವೂ ಒಪ್ಪುತ್ತೇವೆ. ಆದರೆ ಆ ಹಿತವನ್ನು ಅಳೆಯೋ ಸೇರು ಯಾರ ಕೈಲಿದೆ? ಅಪ್ಪನಿಗೆ ತಾರಸಿ ಮನೆ, ಕಾರು, ಇಂಗ್ಲಿಷ್ ಶಾಲೆ. ಅವ್ವನಿಗೆ ಕೇರಿಯಲ್ಲಿ ಒಂದಂಕಣದ ಮನೆ, ಕೂಲಿ. ಗಂಡನ ಕಡೆಯ ವಕೀಲ ಇದನ್ನೇ ಹಿತ ಅಂತ ಪಟ್ಟಿ ಓದುತ್ತಾನೆ. ಹಣವೊಂದೇ ತೀರ್ಮಾನ ಮಾಡಕೂಡದು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿರುವುದನ್ನು ಆ ತಾಯಿಗೆ ಹೇಳೋರು ಯಾರು? ಬಡತನವೇ ಅನರ್ಹತೆ ಆದರೆ ನಮ್ಮ ಕೇರಿಯ ಯಾವ ತಾಯಿಯೂ ತಾಯಿಯಲ್ಲ!

ಇನ್ನು ಭೇಟಿಯ ಹಕ್ಕು. ಯಶಿತಾ ಸಾಹು ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು, ಮಗುವಿಗೆ ಇಬ್ಬರ ಪ್ರೀತಿಯೂ ಸಿಗಬೇಕು, ಮಗು ಜೊತೆಗಿಲ್ಲದವರಿಗೆ ಭೇಟಿಯ ಅವಕಾಶ ಬೇಕು, ಫೋನು ವಿಡಿಯೋ ಮಾತುಕತೆಯೂ ಇರಬೇಕು ಅಂದಿತು. ನ್ಯಾಯವಾದ ಮಾತು. ಆದರೆ ಕೆಲಸದ ದಿನ ಒಂದು ಗಂಟೆ ಭೇಟಿ ಅಂತ ಬರೆದರೆ ಕೂಲಿಯವಳಿಗೆ ಅದರ ಬೆಲೆಯೆಷ್ಟು? ಒಂದು ದಿನದ ಕೂಲಿ, ಎರಡು ಕಡೆಯ ಬಸ್ ಚಾರ್ಜು. ಹೋದರೆ ಮಗುವಿಗೆ ಜ್ವರ ಅಂತಾರೆ. ಫೋನು ಸ್ವಿಚ್ ಆಫ್. ಮೇಲ್ಜಾತಿಯ ತವರಿನವರು ಮಗಳನ್ನೂ ಕೂಸನ್ನೂ ಎಳೆದೊಯ್ದಾಗ ನಮ್ಮ ಹುಡುಗನಿಗೆ ಆಗೋದೂ ಇದೇ. ಆದ್ದರಿಂದ ಇದು ಗಂಡು ಹೆಣ್ಣಿನ ಜಗಳವಲ್ಲ. ಉಳ್ಳವರು ಮಗುವನ್ನೇ ಒತ್ತೆ ಇಟ್ಟುಕೊಳ್ಳುವ ಜಗಳ.

ನಮ್ಮ ಕೇರಿ ಏನು ಸಾಚಾ? ಯಜಮಾನರು ಕಟ್ಟೆ ಮೇಲೆ ಕೂತು, ಸೋಡಚೀಟಿ ಬರೆಸಿ, 'ಗಂಡುಮಗ ಅಪ್ಪನಿಗೆ, ಹೆಣ್ಣುಮಗು ಅವ್ವನಿಗೆ' ಎಂದು ಕುರಿಮರಿ ಹಂಚಿದ ಹಾಗೆ ಹಂಚುತ್ತಾರೆ. ಮಗುವನ್ನು ಯಾರೂ ಕೇಳಲ್ಲ. ತಿಳಿದುಕೊಳ್ಳಿ: ಆ ಚೀಟಿ ಕೋರ್ಟಿನ ಕೈ ಕಟ್ಟಲ್ಲ. ಮನುವನ್ನು ಬಯ್ಯುವ ನಾವು ನಮ್ಮ ಕಟ್ಟೆ ಮೇಲೆ ಕೂತ ಮನುವನ್ನು ಮೊದಲು ಇಳಿಸಬೇಕು.

ಜಾತಿ ಪತ್ರದ ಮಾತು. ಅಪ್ಪ ಮೇಲ್ಜಾತಿ, ಬಿಟ್ಟುಹೋದ. ಸಾಕಿದವಳು ದಲಿತ ತಾಯಿ. ಮಗು ಕೇರಿಯಲ್ಲೇ ಬೆಳೆಯಿತು, ಅವಮಾನವನ್ನೂ ಉಂಡಿತು. ನಾಡಕಚೇರಿಯಲ್ಲಿ ಮಾತ್ರ, 'ಅಪ್ಪನ ಜಾತಿ ಯಾವುದು?' ಪತ್ರವಿಲ್ಲದೆ ಹಾಸ್ಟೆಲಿಲ್ಲ, ಸ್ಕಾಲರ್‌ಶಿಪ್ಪಿಲ್ಲ. ರಮೇಶಭಾಯಿ ನಾಯ್ಕಾ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ: ಅಪ್ಪನ ಜಾತಿಯೇ ಮಗುವಿನದು ಅನ್ನೋದು ಬರೀ ಊಹೆ, ಕೊನೆಯ ಮಾತಲ್ಲ. ತಾಯಿಯ ಜನರ ನಡುವೆ ಅವರ ಕಷ್ಟ ಅವಮಾನ ಉಂಡು ಬೆಳೆದದ್ದನ್ನು ಸಾಕ್ಷಿ ಕೊಟ್ಟು ತೋರಿಸಬಹುದು. ಈ ತೀರ್ಪಿನ ಪ್ರತಿ ಪ್ರತಿ ಹಾಸ್ಟೆಲಿನಲ್ಲೂ ಇರಲಿ.

ಓದಿದವರ ಕೆಲಸ ಏನು? ಅರ್ಜಿ ಬರೆದುಕೊಡಿ. 1890ರ ಪೋಷಕರ ಕಾಯ್ದೆಯ ಪ್ರಕಾರ ಮಗು ವಾಸವಿರುವ ಕಡೆಯ ಕೋರ್ಟಿಗೇ ಅರ್ಜಿ ಹಾಕಬೇಕು. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟರಿಗೆ, ಹೆಂಗಸರಿಗೆ, ಮಕ್ಕಳಿಗೆ ಪುಕ್ಕಟೆ ವಕೀಲರು ಸಿಗಬೇಕು. ಅದು ಭಿಕ್ಷೆಯಲ್ಲ, ಹಕ್ಕು. ತಾಲೂಕು ಕೋರ್ಟಿನಲ್ಲೇ ಸಮಿತಿ ಇದೆ, ಹೋಗಿ ಕೇಳಿ. ಭೇಟಿಯ ದಿನ ಭಾನುವಾರವಾಗಲಿ, ಬಸ್ ಖರ್ಚು ಉಳ್ಳವನು ಕೊಡಲಿ ಎಂದು ಅರ್ಜಿಯಲ್ಲೇ ಬರೆಯಿರಿ. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು, ಇಬ್ಬರೂ ಆದಾಯ ಆಸ್ತಿಯ ಅಫಿಡವಿಟ್ ಕೊಡಬೇಕು ಎಂದು 2020ರ ರಜನೇಶ್ ತೀರ್ಪಿದೆ. ಅದನ್ನೂ ಹಿಡಿದುಕೊಂಡು ಹೋಗಿ.

ಮಗು ಯಾರಪ್ಪನ ಮನೆ ಗಂಟೂ ಅಲ್ಲ. ಅದು ನಾಳೆ ಹಾಸ್ಟೆಲಿನಲ್ಲಿ ನಮ್ಮ ಪಕ್ಕ ಚಾಪೆ ಹಾಸಬೇಕಾದ ಜೀವ. ಅದರ ಪರವಾಗಿ ನಾವಲ್ಲದೆ ಇನ್ನಾರು ಮಾತಾಡಬೇಕು?

ಜೈಭೀಮ್.