ಗಾಳಿ ಜೋರಾದಷ್ಟೂ ಗಾಳಿಪಟ ಚೆನ್ನಾಗಿ ಹಾರುತ್ತದೆಯೇ?

ಗಾಳಿಪಟ ಹಾರಿಸಲು ಬೆಟ್ಟದ ತುದಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ ಎಂದು ಹಲವರು ನಂಬುತ್ತಾರೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಗಾಳಿಗೆ ಬರವಿಲ್ಲ, ನಿಜ. ಆದರೆ ಎರಡು ಅಥವಾ ನಾಲ್ಕು ದಾರ ಹಿಡಿದು ಬೇಕಾದತ್ತ ತಿರುಗಿಸುವ ಸ್ಪೋರ್ಟ್ ಕೈಟ್‌ಗಳ ವಿಷಯದಲ್ಲಿ ಈ ನಂಬಿಕೆ ಜೀವಕ್ಕೇ ಅಪಾಯ ತರಬಹುದು.

ಎಳೆತ ಎಷ್ಟು ಹೆಚ್ಚುತ್ತದೆ?

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 15 ಕಿ.ಮೀ. ಇದ್ದ ಗಾಳಿ 30 ಆದರೆ ಎಳೆತ ಎರಡಲ್ಲ, 4 ಪಟ್ಟಾಗುತ್ತದೆ. 45 ಆದರೆ 9 ಪಟ್ಟು. ಪಟ ನಿಮ್ಮ ನೇರ ಮುಂದೆ ತಗ್ಗಿನಲ್ಲಿದ್ದಾಗ ಎಳೆತ ಅತಿ ಹೆಚ್ಚು. ನೆತ್ತಿಯ ಮೇಲೆ ಅಥವಾ ಎಡಬಲದ ಅಂಚಿಗೆ ಹೋದಾಗ ಕಡಿಮೆ.

ಜಗ್ಗಿದಾಗ ಏನು ಮಾಡಬೇಕು?

ಪಟ ಜೋರಾಗಿ ಎಳೆದಾಗ ನಾವು ಸಹಜವಾಗಿ ಹಿಂದಕ್ಕೆ ಜಗ್ಗುತ್ತೇವೆ. ಅದರಿಂದ ಪಟಕ್ಕೆ ತಗಲುವ ಗಾಳಿಯ ವೇಗ ಇನ್ನೂ ಹೆಚ್ಚುತ್ತದೆ. ಪಟದ ಕಡೆಗೇ ನಾಲ್ಕು ಹೆಜ್ಜೆ ನಡೆದರೆ ಎಳೆತ ಇಳಿಯುತ್ತದೆ. ಅಂದರೆ ನಿಮ್ಮ ಮುಂದೆ ನಡೆಯಲು ಸಮತಟ್ಟು ಜಾಗ ಇರಲೇಬೇಕು. ಬೆಟ್ಟದ ನೆತ್ತಿಯಲ್ಲಿ ನಿಂತರೆ ಆ ಹೆಜ್ಜೆಗಳು ಇಳಿಜಾರಿಗೆ, ಪ್ರಪಾತಕ್ಕೆ ಒಯ್ಯುತ್ತವೆ. ಅಲ್ಲದೆ ಗುಡ್ಡ ದಾಟಿದ ಗಾಳಿ ಆಚೆ ಬದಿಯಲ್ಲಿ ಸುಳಿಯಾಗುತ್ತದೆ. ನಿಮ್ಮ ಪಟ ಹಾರುವುದೂ ಅದೇ ಬದಿಯಲ್ಲಿ. ಒಮ್ಮೆ ಸಡಿಲ, ಮರುಕ್ಷಣ ಜಗ್ಗು. ಹಿಡಿತ ತಪ್ಪುವುದು ಹೀಗೆ.

ಹತ್ತಿ ದಾರಕ್ಕೆ ಶಾಕ್ ಹೊಡೆಯುವುದಿಲ್ಲವೇ?

ಒಣಗಿದ್ದರೆ ವಿದ್ಯುತ್ ಹರಿಯುವುದು ಬಹಳ ಕಡಿಮೆ. ಒದ್ದೆಯಾದರೆ ಹರಿಯುತ್ತದೆ. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗಾಳಿಪಟದ ಪ್ರಯೋಗಕ್ಕೆ ನೆಚ್ಚಿಕೊಂಡಿದ್ದು ಒದ್ದೆ ನಾರಿನ ದಾರವನ್ನೇ. ಬಯಲುಸೀಮೆಯಲ್ಲಿ ಆಷಾಢದ ಗಾಳಿ ಪಟ ಹಾರಿಸುವ ಕಾಲ. ಮೂಡಿಗೆರೆ, ಕಳಸದಲ್ಲಿ ಅದೇ ಆಷಾಢ ಮಳೆಗಾಲ. ಮಂಜಿನಲ್ಲೂ ದಾರ ತೇವವಾಗುತ್ತದೆ. ತೋಟಗಳ ನಡುವೆ ವಿದ್ಯುತ್ ತಂತಿಗಳಿವೆ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ತಂತಿಗೆ ತಗಲಿ ಕಾರ್ಮಿಕರು ಸತ್ತ ಸುದ್ದಿಗಳನ್ನು ಕಾಫಿ ನಾಡಿನವರು ಓದಿಯೇ ಇರುತ್ತಾರೆ. ಪಟ ತಂತಿಗೆ ಸಿಕ್ಕಿಕೊಂಡರೆ ಎಳೆಯಬೇಡಿ. ದಾರ ಬಿಟ್ಟು ದೂರ ಸರಿದು 1912ಕ್ಕೆ ಕರೆ ಮಾಡಿ. ಗುಡುಗು ಕೇಳಿದರೆ ಆಟ ನಿಲ್ಲಿಸಿ.

ಹಾಗಾದರೆ ಎಲ್ಲಿ, ಯಾವಾಗ?

• ಮರ, ತಂತಿ, ರಸ್ತೆ ಇಲ್ಲದ ಆಟದ ಮೈದಾನ ಅಥವಾ ಕೊಯ್ಲು ಮುಗಿದ ಗದ್ದೆ ಬಯಲು ಒಳ್ಳೆಯದು. ಸಿಲ್ವರ್ ಓಕ್ ಸಾಲಿನ ಹತ್ತಿರ ಗಾಳಿ ಮುರಿದು ಸುಳಿಯಾಗುತ್ತದೆ.

• ಗಾಳಿ ಅಳೆಯಲು ಮರ ನೋಡಿ. ಎಲೆ, ಸಣ್ಣ ಕಡ್ಡಿ ಸತತವಾಗಿ ಅಲುಗಾಡಿದರೆ ವೇಗ ಗಂಟೆಗೆ 12ರಿಂದ 19 ಕಿ.ಮೀ. ಹೊಸಬರಿಗೆ ಇಷ್ಟು ಸಾಕು. ದೊಡ್ಡ ಕೊಂಬೆಗಳೇ ತೂಗಿದರೆ 39 ದಾಟಿದೆ ಎಂದರ್ಥ. ಅಂದು ಪಟ ಮನೆಯಲ್ಲೇ ಇರಲಿ.

• ಗಾಳಿ ಹೆಚ್ಚಿರುವಲ್ಲಿ ಚಿಕ್ಕ ಪಟ, ಇಲ್ಲವೇ ಗಾಳಿ ನುಸುಳಿ ಹೋಗುವಂತೆ ಜಾಲರಿ ಇರುವ ಪಟ ಬಳಸಿ. ದಾರವನ್ನು ಕೈಗೆ ಸುತ್ತಿಕೊಳ್ಳಬೇಡಿ.

• ನೈಲಾನ್, ಸಿಂಥೆಟಿಕ್ ಮಾಂಜಾ ಬೇಡ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ಅದನ್ನು ದೇಶದಾದ್ಯಂತ ನಿಷೇಧಿಸಿದೆ. ಪಟದ ಜೊತೆ ಬಂದ ದಾರ ಯಾವುದು ಎಂದು ಮೊದಲು ನೋಡಿಕೊಳ್ಳಿ.

ತೀರ್ಮಾನ: ಪಟಕ್ಕೆ ಬೇಕಿರುವುದು ಜೋರು ಗಾಳಿಯಲ್ಲ, ಒಂದೇ ಸಮನೆ ಬೀಸುವ ಗಾಳಿ. ಬೆಟ್ಟದ ತುದಿಯ ಗಾಳಿಪಟದ ವಿಡಿಯೊ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸುವಾಗ ಈ ಮಾತನ್ನೂ ಜೊತೆಗೆ ಕಳಿಸಿ.